ಯಾವ ಪ್ರಾಣಿಯ ಹೃದಯ?

ಮಂಗಳೂರಿನ ಬಾವುಟಗುಡ್ಡೆಯ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಗುರುಗಳು, ‘ಹೃದಯ ಬಡಿಯುವುದು ಹೀಗೆ’ ಎಂದು ಯಾರಾದರೂ ಉತ್ತರ ಆರಂಭಿಸಿದ ಕೂಡಲೇ ತಡೆದು, ‘ಯಾವ ಪ್ರಾಣಿಯದ್ದು ಮಾರಾಯ?’ ಎಂದು ಕೇಳುತ್ತಿದ್ದರು. ಆಗ ಅದು ಕಿರಿಕಿರಿಯೆನಿಸುತ್ತಿತ್ತು.

ಕಪ್ಪೆಯ ಹೃದಯದ ಪ್ರಯೋಗದಲ್ಲಿ ಅದರ ಅರ್ಥ ತಿಳಿಯಿತು. ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಾಗ, ಬಡಿತವನ್ನು ದಾಖಲಿಸಲು ತಿರುಗುತ್ತಿದ್ದ, ಹೊಗೆ ಹಿಡಿಸಿದ ಡ್ರಮ್ಮಿನ ಮೇಲಿನ ಗೆರೆಯ ಏರಿಳಿತ ಕುಗ್ಗುತ್ತಿತ್ತು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಅವರು 1882ರಲ್ಲಿ ಇಂಥದೇ ಪ್ರಯೋಗದ ದ್ರಾವಣಕ್ಕೆ ಭಟ್ಟಿ ಇಳಿಸಿದ ನೀರೆಂದುಕೊಂಡು ಬಳಸಿದ್ದು ನಲ್ಲಿಯ ನೀರಾಗಿತ್ತು. ಅದರಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತೆಂದು ಮರುವರ್ಷ ಅವರೇ ಬರೆದರು. ನಾವು ಇದನ್ನು ಹೆಮ್ಮೆಯಿಂದ ಒಪ್ಪಿಸಿದಾಗ ಗುರುಗಳು, ‘ಕುಗ್ಗಿದ್ದು ಬಡಿತದ ಬಲವೋ, ಬಡಿತದ ವೇಗವೋ?’ ಎಂದರು. ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂ ಬೇರೆ ವಿಷಯ, ಬಡಿತವನ್ನು ಹುಟ್ಟಿಸುವ ಕ್ಯಾಲ್ಸಿಯಂ ಬೇರೆ ವಿಷಯ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ನನಗೆ ಹೇಳಲಿಲ್ಲ. ಕಪ್ಪೆಯಲ್ಲಿ ಬಡಿತ ಹುಟ್ಟುವುದು, ಅಭಿಧಮನಿಗಳ ರಕ್ತ ಹೃದಯಕ್ಕೆ ಬಂದು ಸೇರುವ ಚೀಲವಾದ ಸೈನಸ್ ವೀನೋಸಸ್‌ನಲ್ಲಿ. ಅದಕ್ಕೂ ಹೃತ್ಕರ್ಣಕ್ಕೂ ನಡುವೆ ದಾರ ಬಿಗಿದರೆ ಮೊದಲನೆಯದು ಬಡಿಯುತ್ತಲೇ ಇರುತ್ತದೆ, ಉಳಿದ ಹೃದಯ ನಿಲ್ಲುತ್ತದೆ.

ಸಸ್ತನಿಗಳಲ್ಲಿ ಈ ಕೆಲಸ ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನೋ-ಏಟ್ರಿಯಲ್ ಗಂಟಿನದು. ಹೃತ್ಕುಕ್ಷಿಯ ಜೀವಕೋಶದ ವಿದ್ಯುತ್ತು ಸೋಡಿಯಂ ಒಳನುಗ್ಗಿದಾಗ ಥಟ್ಟನೆ ಏರಿದರೆ, ಗಂಟಿನ ಕೋಶಗಳಲ್ಲಿ ಆ ಏರಿಕೆಯನ್ನು ಮುಖ್ಯವಾಗಿ ನಡೆಸುವುದು ಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ದ್ವಾರಗಳು, ಅಂದರೆ ಕ್ಯಾಲ್ಸಿಯಂ ಚಾನೆಲ್‌ಗಳು, ಆದ್ದರಿಂದ ಅದು ನಿಧಾನ. ಅವುಗಳಲ್ಲಿ ಸಿಎವಿ 1.3 ಎಂಬುದು ತನ್ನ ಸೋದರ ಸಿಎವಿ 1.2ಕ್ಕಿಂತ ಮೊದಲೇ, ಕಡಿಮೆ ವೋಲ್ಟೇಜಿನಲ್ಲೇ ತೆರೆದುಕೊಳ್ಳುವುದರಿಂದ, ಬಡಿತಕ್ಕೆ ಮುಂಚಿನ ನಿಧಾನದ ಏರಿಕೆಯಲ್ಲೂ ಪಾಲುಗೊಳ್ಳುತ್ತದೆ. ಇದೊಂದೇ ಎಲ್ಲವನ್ನೂ ಮಾಡುತ್ತದೆ ಎನ್ನಲಾಗದು. ಬಡಿತಗಳ ನಡುವಿನ ಬಿಡುವಿನಲ್ಲಿ ಕೋಶದೊಳಕ್ಕೆ ಹರಿಯುವ, 1979ರಲ್ಲಿ ವರದಿಯಾದ ‘ಫನ್ನಿ’ ಎಂಬ ಹೆಸರಿನ ವಿದ್ಯುತ್‌ಪ್ರವಾಹವೂ ಇದೆ, ಕೋಶದೊಳಗಿನ ಸಂಗ್ರಹದಿಂದ ಹೊರಬರುವ ಕ್ಯಾಲ್ಸಿಯಂ ಕೂಡ ಇದೆ.

ಕಪ್ಪೆ, ಇಲಿ, ಮನುಷ್ಯ ಎಂದು ಹೊಂದಿಸಿಕೊಳ್ಳುವಷ್ಟರಲ್ಲಿ ಗುರುಗಳು ಮೀನುಗಾರಿಕಾ ಬಂದರಾದ ಧಕ್ಕೆಯಿಂದ ತರಿಸಿದ ಏಡಿಯನ್ನು ಮೇಜಿನ ಮೇಲಿಟ್ಟರು. ಅದರ ಬಡಿತ ಸ್ನಾಯುವಿನಲ್ಲಿ ಹುಟ್ಟುವುದಿಲ್ಲ. ಹೃದಯದ ಮೇಲಿರುವ ಒಂಬತ್ತು ನರಕೋಶಗಳ ಪುಟ್ಟ ಗುಂಪು ಅದನ್ನು ಹುಟ್ಟಿಸುತ್ತದೆ. ನಾವು ತುಳುವಿನಲ್ಲಿ ಡೆಂಜಿಯೆಂದು ಕರೆದು ಗಸಿ ಮಾಡುವ ಈ ಪ್ರಾಣಿಗೆ ಇಂಥ ಏರ್ಪಾಡು ಇರಬಹುದೆಂದು ತರಗತಿಯಲ್ಲಿ ಯಾರೂ ಊಹಿಸಿರಲಿಲ್ಲ.

ಕಾಲೇಜು ಬಿಟ್ಟ ಮೇಲೆ, ಸಿಎವಿ 1.3 ಇಲ್ಲದ ಇಲಿಗಳ ಹೃದಯ ನಿಧಾನವಾಗಿ, ತಾಳ ತಪ್ಪಿ ಬಡಿಯುವುದಲ್ಲದೆ ಆ ಇಲಿಗಳಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ಓದಿದೆ. ನಿಮಿಷಕ್ಕೆ ಸುಮಾರು 600 ಸಲ ಬಡಿಯುವ ಹೃದಯದ ಮಾತನ್ನು ಮನುಷ್ಯನಿಗೆ ಅನ್ವಯಿಸಲು ಗುರುಗಳ ಶಿಷ್ಯನಾದ ನನಗೆ ಧೈರ್ಯ ಬರಲಿಲ್ಲ. 2011ರಲ್ಲಿ ಪಾಕಿಸ್ತಾನದ ಎರಡು ಕುಟುಂಬಗಳಲ್ಲಿ ಇದೇ ಚಾನೆಲ್‌ನ ಜೀನ್ ಕೆಟ್ಟು, ಹುಟ್ಟುಕಿವುಡು ಮತ್ತು ನಿಧಾನದ ನಾಡಿ ಎರಡೂ ಒಟ್ಟಿಗೆ ಕಂಡುಬಂದವೆಂಬ ವರದಿ ಪ್ರಕಟವಾಯಿತು.