‘ನಿಮ್ಮ ಸ್ಟಡಿ ಪ್ಲಾನ್ ಕಳಿಸಿ’ ಅನ್ನುವವರಿಗೆ

‘ಅಕ್ಕಾ, ನೀಟ್ ಪಿಜಿಗೆ ಓದಿದ ನಿಮ್ಮ ಸ್ಟಡಿ ಪ್ಲಾನ್ ಕಳಿಸ್ತೀರಾ?’

ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್ ಸೀಟಿಗೆ ಒದ್ದಾಡುವ ಜೂನಿಯರ್‌ಗಳು ಇದನ್ನು ಕೇಳುತ್ತಾರೆ. ಅವರ ಅಪ್ಪಂದಿರೂ ಕೇಳುತ್ತಾರೆ. ಮೊನ್ನೆ ಮದುವೆ ಮನೆಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಮ್ಮ ಸೋದರಮಾವನ ಬೀಗರು ಕೇಳಿದರು. ಮೊದಮೊದಲು ಕೂತು ವಿವರಿಸುತ್ತಿದ್ದೆ. ಈಗ ಡ್ಯೂಟಿ ಮುಗಿಸಿ ಬಂದರೆ ಚಪ್ಪಲಿ ಬಿಡುವಷ್ಟರಲ್ಲಿ ನಿದ್ದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನನಗೆ ಸಿಟ್ಟು ಬರುವುದು ‘ಕಳಿಸಿ’ ಅನ್ನುವ ಪದಕ್ಕೆ. ಪ್ಲಾನ್ ಏನು ಉಪ್ಪಿನಕಾಯಿ ಡಬ್ಬಿಯಾ, ನಮ್ಮನೆಯಿಂದ ನಿಮ್ಮನೆಗೆ ಕಳಿಸೋಕೆ? ಕೇಳುವವರು ಫೈನಲ್ ಇಯರೋ, ಇಂಟರ್ನೋ, ಕೆಲಸ ಬಿಟ್ಟು ಓದಲು ಕೂತವರೋ, ಅದನ್ನು ಹೇಳುವುದೇ ಇಲ್ಲ. ಒಬ್ಬ ಹುಡುಗ ‘ಪಿಡಿಎಫ್ ಆದ್ರೆ ಒಳ್ಳೇದು’ ಅಂತ ಬೇರೆ ಸೇರಿಸಿದ್ದ.

ಪ್ಲಾನ್ ಇರಲಿಲ್ಲ ಅಂತಲ್ಲ. ಎಕ್ಸೆಲ್‌ನಲ್ಲಿ ಚೆಂದವಾಗಿ ಮಾಡಿದ್ದೆ. 19 ಸಬ್ಜೆಕ್ಟು, ಮುಗಿದದ್ದಕ್ಕೆ ಹಸಿರು ಬಣ್ಣ. ಮೆಡಿಸಿನ್, ಸರ್ಜರಿ, ಓಬಿಜಿಗೆ (ಹೆರಿಗೆ, ಸ್ತ್ರೀರೋಗ) ಜಾಸ್ತಿ ದಿನ. ಸ್ಕಿನ್, ಸೈಕಿಯಾಟ್ರಿಗೆ ಎರಡೆರಡು. ಅನಾಟಮಿ ಎಂದಿನಂತೆ ಕೊನೆಗೆ. ಇಷ್ಟು ಮಾಡಲು ಪೂರ್ತಿ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಸ್ಕಿನ್ ಮುಗಿಯುತ್ತಿತ್ತು.

ಆಗ ನಾನು ಇಂಟರ್ನ್. ಪ್ಲಾನ್ ಪ್ರಕಾರ ಸಂಜೆ ಆರಕ್ಕೆ ಫಾರ್ಮಾ, ಅಂದರೆ ಔಷಧಿಗಳ ಪಾಠ. ಸಂಜೆ ಆರಕ್ಕೆ ನಾನು ಕ್ಯಾಶುವಾಲ್ಟಿಯಲ್ಲಿ ಯಾರದೋ ಹಣೆಗೆ ಹೊಲಿಗೆ ಹಾಕುತ್ತಿರುತ್ತಿದ್ದೆ.

ಸಾಲದ್ದಕ್ಕೆ ಪರೀಕ್ಷೆಯೂ ನಿಂತಲ್ಲಿ ನಿಲ್ಲಲಿಲ್ಲ. ಮೊದಲು 2024ರ ಮಾರ್ಚ್ 3 ಅಂದರು. ಆಮೇಲೆ ಜುಲೈ 7. ಮತ್ತೆ ಹಿಂದಕ್ಕೆ ತಂದು ಜೂನ್ 23. ಜೂನ್ 22ರ ಶನಿವಾರ ರಾತ್ರಿ ಅಪ್ಪನ ಜೊತೆ ಮೆಜೆಸ್ಟಿಕ್ ಹತ್ತಿರದ ಲಾಡ್ಜ್‌ನಲ್ಲಿದ್ದೆ. ಅಡ್ಮಿಟ್ ಕಾರ್ಡಿನ ಮೂರು ಪ್ರಿಂಟು ಬ್ಯಾಗಲ್ಲಿ. ಅಪ್ಪ ಆಟೋದವರಿಗೆ ಬೆಳಗ್ಗೆ ಬರಲು ಹೇಳಿ ಬಂದಿದ್ದರು. ರಾತ್ರಿ ಹತ್ತರ ಸುಮಾರಿಗೆ ಫೋನು ಒಂದೇ ಸಮನೆ ಬಡಿದುಕೊಂಡಿತು. ಪರೀಕ್ಷೆ ಮುಂದೂಡಿದ್ದಾರೆ. ಆ ತಿಂಗಳು ಬೇರೆ ಪರೀಕ್ಷೆಗಳ ಪೇಪರ್ ಲೀಕ್ ಗಲಾಟೆ ನಡೆದಿತ್ತಲ್ಲ, ನಮ್ಮದನ್ನು ಮುನ್ನೆಚ್ಚರಿಕೆ ಅಂತ ನಿಲ್ಲಿಸಿದ್ದರು. ಹೊಸ ದಿನಾಂಕ ಆಮೇಲೆ ಹೇಳುತ್ತಾರಂತೆ.

ನಾನು ಅಳಲಿಲ್ಲ. ಧೈರ್ಯ ಅಂತಲ್ಲ, ಅಪ್ಪ ಎದುರಿಗಿದ್ದರು. ಬೆಳಗ್ಗೆ ಚಿತ್ರದುರ್ಗದ ಬಸ್ಸು ತುಮಕೂರು ದಾಟಿದ ಮೇಲೆ ಅವರು ಕೇಳಿದರು: ‘ಈಗ ಎಲ್ಲಿಂದ ಶುರು ಮಾಡ್ತೀಯಮ್ಮ?’

ನೋಡಿ, ಇದು ಪ್ರಶ್ನೆ. ಶೇಂಗಾ ಬಿತ್ತಿ ಮಳೆಗೆ ಕಾದವರು ಮಾತ್ರ ಕೇಳುವಂಥದ್ದು. ಪ್ಲಾನ್ ಹೇಗೆ ಮಾಡಿದೆ ಅಂತ ಎಲ್ಲರೂ ಕೇಳುತ್ತಾರೆ. ಆ ಪ್ಲಾನ್ ಕೆಟ್ಟುಹೋದ ದಿನ ಏನು ಮಾಡಿದೆ ಅಂತ ಒಬ್ಬರೂ ಕೇಳಿಲ್ಲ. ಅದಕ್ಕಾದರೆ ನನ್ನ ಹತ್ತಿರ ಉತ್ತರ ಇದೆ.

ಓದದೆ ಉಳಿದ ಬಾಕಿ ತೀರಿಸಲು ಹೋಗಲಿಲ್ಲ. ಭಾನುವಾರ ಬಾಕಿ ತೀರಿಸುತ್ತೇನೆ ಅಂದುಕೊಂಡರೆ ಆ ಭಾನುವಾರವೂ ಬಾಕಿಗೆ ಸೇರುತ್ತದೆ, ಅಷ್ಟೇ. ಎಕ್ಸೆಲ್ ಮುಚ್ಚಿಟ್ಟು, ಟೆಸ್ಟುಗಳಲ್ಲಿ ತಪ್ಪಿದ ಪ್ರಶ್ನೆಗಳನ್ನು ಗೀಚಿಟ್ಟ ನೋಟ್‌ಬುಕ್ ತೆಗೆದೆ. ದಿನಾ 42 ನಿಮಿಷಕ್ಕೆ 40 ಪ್ರಶ್ನೆ. ಯಾಕೆ ಅಂದರೆ ಆ ವರ್ಷ 200 ಪ್ರಶ್ನೆಗಳನ್ನು ಐದು ಭಾಗ ಮಾಡಿ, ಒಂದೊಂದಕ್ಕೂ 42 ನಿಮಿಷ ಕೊಟ್ಟಿದ್ದರು. ಒಂದು ಭಾಗದ ಸಮಯ ಮುಗಿದರೆ ಮತ್ತೆ ಅದರೊಳಗೆ ಹೋಗುವಂತಿಲ್ಲ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಟ್. ಸಂಜೆ, ತಪ್ಪಿದ ಪ್ರಶ್ನೆಗೆ ಸಂಬಂಧಿಸಿದ ಪುಟ ಮಾತ್ರ ಓದುವುದು. ಡ್ಯೂಟಿ ದಿನ ಅದೂ ಇಲ್ಲ, ಪ್ರಶ್ನೆ ಮಾತ್ರ.

ಒಂದೇ ವಾರದಲ್ಲಿ ನನ್ನ ರೋಗ ಗೊತ್ತಾಯಿತು. ಸರಿ ಉತ್ತರ ಒತ್ತಿರುತ್ತಿದ್ದೆ, ಕೊನೇ ಐದು ನಿಮಿಷದಲ್ಲಿ ಅನುಮಾನ ಬಂದು ಬದಲಾಯಿಸುತ್ತಿದ್ದೆ. ಸುಮ್ನೆ ಕೂತಿದ್ದರೆ ಸಿಗುತ್ತಿದ್ದ ಅಂಕ ಅವು. ತಿಂಗಳುಗಟ್ಟಲೆ ಬಣ್ಣ ತುಂಬಿದರೂ ಎಕ್ಸೆಲ್ ಇದನ್ನು ಹೇಳಿರಲಿಲ್ಲ.

ಕೊನೆಗೆ ಪರೀಕ್ಷೆ ನಡೆದದ್ದು ಆಗಸ್ಟ್ 11ಕ್ಕೆ. ಜೂನ್ 23ರಿಂದ ಲೆಕ್ಕ ಹಾಕಿದರೆ 49 ದಿನ. ಪೀಡಿಯಾಟ್ರಿಕ್ಸ್, ಅಂದರೆ ಮಕ್ಕಳ ವಿಭಾಗದ ಸೀಟು ಸಿಕ್ಕಿತು. ರ‍್ಯಾಂಕ್ ಎಷ್ಟು ಅಂತ ಕೇಳಬೇಡಿ, ಅದಕ್ಕೆ ಇನ್ನೊಂದು ದಿನ ರೇಗುತ್ತೇನೆ.

ಆ ಎಕ್ಸೆಲ್ ಇನ್ನೂ ಲ್ಯಾಪ್‌ಟಾಪ್‌ನಲ್ಲಿದೆ. ಬೇಕೇ ಬೇಕು ಅನ್ನುವವರಿಗೆ ಪಿಡಿಎಫ್ ಮಾಡಿಯೇ ಕಳಿಸುತ್ತೇನೆ. ಹಸಿರು ಬಣ್ಣ ಬಯೋಕೆಮಿಸ್ಟ್ರಿವರೆಗೆ ಇದೆ. ಅದು ಮೂರನೇ ಸಬ್ಜೆಕ್ಟು.