ಅವ್ವನ ಗುಳಿಗಿ ಚೀಲ

ಗವಿಮಠದ ಜಾತ್ರೆ ಮುಗಿದ ವಾರಕ್ಕೆ ಅವ್ವನಿಗೆ ಜ್ವರ ಬಂತು. ವಯಸ್ಸು 76. ಕೊಪ್ಪಳದ ಒಂದು ಆಸ್ಪತ್ರೆಗೆ ಸೇರಿಸಿದೆವು. ಎದೆಯಲ್ಲಿ ಕಫ ಕಟ್ಟಿದೆ ಎಂದರು. ಜ್ವರವೇನೋ ಎರಡೇ ದಿನಕ್ಕೆ ಇಳಿಯಿತು.

ಎರಡನೇ ರಾತ್ರಿ ಅವ್ವ ಸಲೈನ್ ಸೂಜಿ ಕಿತ್ತು ಮಂಚದಿಂದ ಇಳಿಯಲು ಹೊರಟಳು. "ಎಮ್ಮಿ ಬಿಚ್ಚಿಕೊಂಡು ಹೋಗೈತಿ, ಹಿಡಿಯೋ ತಮ್ಮಾ" ಎಂದು ಕೂಗಾಡಿದಳು. ನಾವು ಎಮ್ಮೆ ಮಾರಿ ಹನ್ನೆರಡು ವರ್ಷವಾಗಿತ್ತು. ನಡುನಡುವೆ ಕಿಬ್ಬೊಟ್ಟೆ ಹಿಡಿದುಕೊಂಡು "ಬಿಗೀತೈತಿ" ಅನ್ನುತ್ತಿದ್ದಳು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಾರ್ಡಿನವರೆಲ್ಲ ಎದ್ದು ಕೂತಿದ್ದರು. "ಸಿಸ್ಟರ್, ನಿದ್ದಿ ಬರೋ ಹಂಗ ಏನರ ಕೊಡ್ರಿ" ಎಂದು ಕೇಳಿದವನು ನಾನೇ. ಒಂದು ಇಂಜೆಕ್ಷನ್ ಕೊಟ್ಟರು, ತಾಸಿನ ಮೇಲೆ ಇನ್ನೊಂದು.

ಮರುದಿನ ಮಧ್ಯಾಹ್ನವಾದರೂ ಅವ್ವ ಕಣ್ಣು ಬಿಡಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. "ವಯಸ್ಸಾಗೈತಿ, ಮರವು ಶುರುವಾಗಿರಬೇಕು" ಎಂದು ರಾತ್ರಿಗೆ ಮತ್ತೊಂದು ಗುಳಿಗೆ ಬರೆದರು.

ಮೂರನೇ ದಿನ ರೌಂಡ್ಸಿಗೆ ಬಂದ ಡಾಕ್ಟರಮ್ಮ ಬೇರೆಯವರು. "ಮನ್ಯಾಗ ಏನೇನು ಗುಳಿಗಿ ತಗೋತಿದ್ರು, ಎಲ್ಲಾ ತರ್ರಿ" ಎಂದರು. ಅಕ್ಕ ಗಂಗಾವತಿಯಿಂದ ಚೀಲ ತಂದಳು. ಡಾಕ್ಟರಮ್ಮ ಹಾಸಿಗೆಯ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ಸಾಲಿಟ್ಟರು. ಸಕ್ಕರೆ ಕಾಯಿಲೆಯ ಪಾದದುರಿಗೆ ಒಬ್ಬರು ಕೊಟ್ಟ ಅಮಿಟ್ರಿಪ್ಟಿಲಿನ್, ಅದೇ ಉರಿಗೆ ಇನ್ನೊಬ್ಬರು ಕೊಟ್ಟ ಪ್ರಿಗ್ಯಾಬಲಿನ್, ಮೊಣಕಾಲಿಗೆ ಟ್ರಮಡಾಲ್, ಅಪ್ಪ ಹೋದಾಗಿನಿಂದ ಹಳೇ ಚೀಟಿಯಲ್ಲೇ ತರುತ್ತಿದ್ದ ನಿದ್ದೆ ಗುಳಿಗೆ ಕ್ಲೋನಾಜೆಪಾಮ್. ಆಸ್ಪತ್ರೆಯಲ್ಲಿ ಇವನ್ನೆಲ್ಲ ಹಾಗೇ ಮುಂದುವರಿಸಿ, ಮೇಲೆ ಹ್ಯಾಲೊಪೆರಿಡಾಲ್, ಲೊರಾಜೆಪಾಮ್ ಇಂಜೆಕ್ಷನ್, ರಾತ್ರಿಯ ಗುಳಿಗೆ ಕ್ವಿಟಿಯಾಪಿನ್ ಸೇರಿಸಿದ್ದರು. ಏಳೂ ಮೆದುಳಿನ ಮೇಲೆ ಕೆಲಸ ಮಾಡುವಂಥವು. ಏಳೂ ಒಂದೇ ಕೇಸ್ ಶೀಟಿನಲ್ಲಿ ಇದ್ದವು. ಯಾರೂ ಎಣಿಸಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಆಮೇಲೆ ಅವರು ಅವ್ವನ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟರು. ಕ್ಯಾಥೆಟರ್ ಹಾಕಿದಾಗ ಹತ್ತಿರತ್ತಿರ ಒಂದು ಲೀಟರ್ ಮೂತ್ರ ಬಂತು. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಮೂತ್ರ ಕಟ್ಟಿಸುತ್ತದೆ. ಜ್ವರದ ಜೊತೆ ಆ ಬಾಧೆ ಸೇರಿದರೆ ವಯಸ್ಸಾದವರಿಗೆ ಭ್ರಮೆ ಹಿಡಿಯಬಹುದು ಎಂದರು. ಟ್ರಮಡಾಲ್ ಜೊತೆ ನಿದ್ದೆಯ ಔಷಧ ಕೂಡಿದರೆ ಉಸಿರೇ ಮಂದವಾಗಬಹುದಂತೆ. ಅಮೆರಿಕದಲ್ಲಿ 1991ರಲ್ಲಿ ಮೊದಲು ಬಂದು ಮತ್ತೆ ಮತ್ತೆ ತಿದ್ದಿದ ಬೀರ್ಸ್ ಪಟ್ಟಿ ಎಂಬುದೊಂದಿದೆ, ವಯಸ್ಸಾದವರಿಗೆ ಅಪಾಯ ತರಬಹುದಾದ ಔಷಧಗಳ ಪಟ್ಟಿ. ಮೆದುಳಿನ ಮೇಲೆ ಕೆಲಸ ಮಾಡುವ ಮೂರು ಅಥವಾ ಹೆಚ್ಚು ಔಷಧ ವಯಸ್ಸಾದವರಿಗೆ ಒಟ್ಟಿಗೆ ಬೇಡ, ಬಿದ್ದು ಮೂಳೆ ಮುರಿಯಬಹುದು ಎನ್ನುತ್ತದೆ ಅದು. ಅವ್ವನಿಗೆ ಏಳು.

ಇಂಜೆಕ್ಷನ್ ನಿಂತವು. ಟ್ರಮಡಾಲ್ ಬದಲು ಪ್ಯಾರಸಿಟಮಾಲ್ ಬಂತು. ಕ್ಲೋನಾಜೆಪಾಮ್ ಮಾತ್ರ ಒಮ್ಮೆಲೇ ಬಿಡಬಾರದು, ಫಿಟ್ಸ್ ಬರಬಹುದು, ವಾರಗಟ್ಟಲೆ ಇಳಿಸುತ್ತ ಬರಬೇಕು ಎಂದು ಎರಡು ಸಲ ಹೇಳಿದರು. ಅವ್ವನ ಕನ್ನಡಕ ಹಾಕಿರಿ, ಕಿಟಕಿ ಕಡೆ ಮಂಚ ಸರಿಸಿರಿ ಎಂದರು.

ಐದನೇ ದಿನ ಬೆಳಿಗ್ಗೆ ಅವ್ವ ನನ್ನ ಮುಖ ನೋಡಿ, "ಯಾಕೋ ತಮ್ಮಾ, ಗಡ್ಡ ಬಿಟ್ಟೀ?" ಅಂದಳು. ನಾನು ಹೊರಗೆ ಹೋಗಿ ಅತ್ತುಬಂದೆ.

ಇಳಿಸುತ್ತ ಬಂದ ಕ್ಲೋನಾಜೆಪಾಮಿನ ಕೊನೆಯ ಕಾಲು ಭಾಗದ ಗುಳಿಗೆ ನಿಂತಿದ್ದು ಯುಗಾದಿ ಹೊತ್ತಿಗೆ. ಪಾದದ ಉರಿ ಇನ್ನೂ ಪೂರ್ತಿ ಹೋಗಿಲ್ಲ. ಕೆಲವು ರಾತ್ರಿ ಅವ್ವ ಎರಡು ಗಂಟೆಯವರೆಗೂ ಎದ್ದು ಕೂತಿರುತ್ತಾಳೆ. ನಾನೂ ಎದ್ದು ಕೂಡುತ್ತೇನೆ. ಮಾರಿದ ಎಮ್ಮೆಯ ಸುದ್ದಿ ಹೇಳುತ್ತಾಳೆ.