ನೆನಪಿರುವವಳ ಕಥೆ

ನಾಯಕನ ನೆನಪು ಅಳಿಸಿಹೋಗುವ ಪ್ರೇಮಕಥೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಕೈಗೆತ್ತಿಕೊಳ್ಳುತ್ತೇನೆ. ತಲೆಗೆ ಪೆಟ್ಟು ಬಿದ್ದು ನೆನಪು ಹೋಗುವುದು, ಮತ್ತೊಂದು ಪೆಟ್ಟು ಬಿದ್ದೊಡನೆ ಮರಳುವುದು ನಮ್ಮ ಸಿನಿಮಾಗಳಲ್ಲಿ ಸವೆದು ಸವಕಲಾದ ತಂತ್ರ. ಜೇಮ್ಸ್ ಹಿಲ್ಟನ್ 1941ರಲ್ಲಿ ಪ್ರಕಟಿಸಿದ ‘ರ‍್ಯಾಂಡಮ್ ಹಾರ್ವೆಸ್ಟ್’ ಕಾದಂಬರಿಯೂ ಮೇಲ್ನೋಟಕ್ಕೆ ಅದೇ ಸರಕಿನಿಂದ ಕಟ್ಟಿದ್ದು. ಆದರೂ ಅದನ್ನು ಎರಡನೆಯ ಬಾರಿ ಓದಿದಾಗ ಬೇರೊಂದು ಕಾದಂಬರಿಯನ್ನೇ ಓದಿದಂತಾಯಿತು. ಅದೇಕೆಂದು ಹೇಳಬೇಕಾದರೆ ಕೊನೆಯ ಗುಟ್ಟನ್ನು ಬಿಟ್ಟುಕೊಡದೆ ಬೇರೆ ದಾರಿಯಿಲ್ಲ, ಆದ್ದರಿಂದ ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಬಹುದು.

ಇಂಗ್ಲೆಂಡಿನ ಶ್ರೀಮಂತ ಮನೆತನದ ಚಾರ್ಲ್ಸ್ ರೇನಿಯರ್ ಮೊದಲ ಮಹಾಯುದ್ಧದಲ್ಲಿ ಗಾಯಗೊಳ್ಳುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ನೆನಪಿರುವುದು 1919ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಉದ್ಯಾನವೊಂದರ ಬೆಂಚಿನ ಮೇಲೆ ಕಣ್ಣುಬಿಟ್ಟದ್ದು ಮಾತ್ರ. ನಡುವಿನ ಕಾಲದಲ್ಲಿ ತಾನು ಎಲ್ಲಿದ್ದೆ, ಯಾರೊಡನೆ ಇದ್ದೆ ಎಂಬುದು ಅವನಿಗೆ ಗೊತ್ತಿಲ್ಲ. ಅವನು ಮನೆಗೆ ಮರಳುತ್ತಾನೆ, ಕುಸಿಯುತ್ತಿದ್ದ ಕುಟುಂಬದ ವ್ಯವಹಾರವನ್ನು ಎತ್ತಿ ನಿಲ್ಲಿಸುತ್ತಾನೆ, ಸಂಸತ್ತಿನ ಸದಸ್ಯನಾಗುತ್ತಾನೆ, ದಕ್ಷಳೂ ಚತುರೆಯೂ ಆದ ಒಬ್ಬಳನ್ನು ಮದುವೆಯಾಗುತ್ತಾನೆ. ಇಷ್ಟೆಲ್ಲ ಇದ್ದೂ ಒಳಗೊಂದು ತಳಮಳ ಅವನನ್ನು ಬಿಡುವುದಿಲ್ಲ. ಆ ಕಳೆದುಹೋದ ಕಾಲದಲ್ಲಿ ಅವನು ‘ಸ್ಮಿತ್’ ಎಂಬ ಹೆಸರಿನಲ್ಲಿ ಬದುಕಿದ್ದನೆಂದೂ ಪೌಲಾ ಎಂಬ ನಟಿಯ ಗಂಡನಾಗಿದ್ದನೆಂದೂ ನಮಗೆ ಬಹಳ ತಡವಾಗಿ ತಿಳಿಯುತ್ತದೆ. ಈಗಿನ ಶ್ರೀಮತಿ ರೇನಿಯರ್ ಬೇರಾರೂ ಅಲ್ಲ, ಆ ಪೌಲಾಳೇ ಎಂಬುದು ಕೊನೆಯ ಪುಟಗಳವರೆಗೂ ತಿಳಿಯುವುದಿಲ್ಲ.

ಹಿಲ್ಟನ್ ಈ ಗುಟ್ಟನ್ನು ಕಾಪಾಡಿದ ಬಗೆ ಬಹಳ ಸರಳ. ಕಥೆಯನ್ನು ಹೇಳುವವನು ರೇನಿಯರನ ಕಾರ್ಯದರ್ಶಿ ಹ್ಯಾರಿಸನ್. ಅವನು ಕಂಡಿರುವುದು ದೊಡ್ಡ ಔತಣಗಳನ್ನು ಲೀಲಾಜಾಲವಾಗಿ ನಡೆಸುವ ಶ್ರೀಮತಿ ರೇನಿಯರಳನ್ನು. ಪೌಲಾಳನ್ನು ಅವನು ಇನ್ನೊಬ್ಬರ ನೆನಪಿನಲ್ಲಿ ಮಾತ್ರ ಬಲ್ಲ. ಅಚ್ಚಿನ ಪುಟದಲ್ಲಿ ಮುಖಗಳಿರುವುದಿಲ್ಲ, ಹೆಸರುಗಳಿರುತ್ತವೆ. ಎರಡು ಹೆಸರು ಕೊಟ್ಟರೆ ಓದುಗರು ಇಬ್ಬರು ಹೆಂಗಸರನ್ನು ತಾವಾಗಿಯೇ ಕಲ್ಪಿಸಿಕೊಳ್ಳುತ್ತಾರೆ. 1942ರಲ್ಲಿ ಮರ್ವಿನ್ ಲೆರಾಯ್ ಇದನ್ನು ಸಿನಿಮಾ ಮಾಡಿದಾಗ ಆ ಅನುಕೂಲ ಉಳಿಯಲಿಲ್ಲ. ಪೌಲಾಳಾಗಿ ನಟಿಸಿದ ಗ್ರೀರ್ ಗಾರ್ಸನ್ ಅವರ ಮುಖ ಎರಡೂ ಕಡೆ ಒಂದೇ ಆಗಿರಬೇಕಲ್ಲ! ಆದ್ದರಿಂದ ಸಿನಿಮಾ ಗುಟ್ಟನ್ನು ನಡುವೆಯೇ ಒಡೆದು, ‘ಅವಳು ಯಾರು’ ಎಂಬ ಪ್ರಶ್ನೆಯ ಜಾಗದಲ್ಲಿ ‘ಅವನಿಗೆ ಯಾವಾಗ ತಿಳಿದೀತು’ ಎಂಬ ಪ್ರಶ್ನೆಯನ್ನು ಇಟ್ಟಿತು. ಮುಷ್ಕರವೊಂದನ್ನು ಬಗೆಹರಿಸಲು ಬಂದ ರೇನಿಯರ್, ತಾನು ಎಂದೂ ಕಾಲಿಟ್ಟಿಲ್ಲವೆಂದು ನಂಬಿದ್ದ ಊರಿನಲ್ಲಿ ತಂಬಾಕಿನ ಅಂಗಡಿಗೆ ದಾರಿ ಕೇಳದೆಯೇ ನಡೆದುಹೋಗುವ ದೃಶ್ಯವಿದೆ. ನಾವು ಆ ಅಂಗಡಿಯನ್ನು ಮೊದಲೇ ಕಂಡಿರುವುದರಿಂದ ಅವನ ಒಂದೊಂದು ಹೆಜ್ಜೆಗೂ ಎದೆಬಡಿತ ಏರುತ್ತದೆ. ಕಾದಂಬರಿಯ ಕೊನೆಯ ಬೆರಗು ಒಂದು ಕ್ಷಣದ್ದು. ಸಿನಿಮಾದ ಕಾತರ ಅರ್ಧ ಕಥೆಯುದ್ದಕ್ಕೂ ಹರಡಿಕೊಂಡದ್ದು. ಇಲ್ಲಿ ನನ್ನ ಒಲವು ಸಿನಿಮಾದ ಕಡೆಗೆ.

ಈ ಆಯ್ಕೆಯನ್ನು ಕಾಳಿದಾಸ ಬಹು ಹಿಂದೆಯೇ ಎದುರಿಸಿದ್ದ. ಮಹಾಭಾರತದ ದುಷ್ಯಂತ ಏನನ್ನೂ ಮರೆತಿರುವುದಿಲ್ಲ. ಎಲ್ಲ ಗೊತ್ತಿದ್ದೇ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಅಲ್ಲಗಳೆಯುತ್ತಾನೆ. ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದವನು ಕಾಳಿದಾಸ. ಅದರಿಂದ ರಾಜನ ತಪ್ಪು ಮರೆವಿನ ತಲೆಗೆ ಹೋಯಿತು. ಹಿಲ್ಟನ್ನನಲ್ಲಿ ಅದೇ ಕೆಲಸವನ್ನು ಯುದ್ಧ ಮಾಡುತ್ತದೆ. ಆದರೆ ಕಾಳಿದಾಸ ಶಾಪವನ್ನು ನಮ್ಮಿಂದ ಮುಚ್ಚಿಡಲಿಲ್ಲ. ನಾಲ್ಕನೆಯ ಅಂಕದಲ್ಲಿ ಅದನ್ನು ಅನಸೂಯೆ, ಪ್ರಿಯಂವದೆಯರು ಕೇಳಿಸಿಕೊಳ್ಳುತ್ತಾರೆ, ನಾವೂ ಕೇಳುತ್ತೇವೆ. ಕೇಳದವಳು ಶಕುಂತಲೆ ಒಬ್ಬಳೇ. ಐದನೆಯ ಅಂಕದ ಮೊದಲಿಗೆ ಹಂಸಪದಿಕೆಯ ಹಾಡು ಕಿವಿಗೆ ಬಿದ್ದಾಗ, ಅಗಲಿದವರು ಯಾರೂ ಇಲ್ಲದಿದ್ದರೂ ಮನಸ್ಸೇಕೆ ಹೀಗೆ ಕದಡಿತು ಎಂದು ರಾಜ ತನ್ನನ್ನೇ ಕೇಳಿಕೊಳ್ಳುತ್ತಾನಲ್ಲ, ರೇನಿಯರನ ತಳಮಳವೂ ಅದೇ ಜಾತಿಯದು. ಪ್ರಜ್ಞೆ ಮರೆತದ್ದನ್ನು ಮನಸ್ಸಿನ ಯಾವುದೋ ಮೂಲೆ ಹಿಡಿದುಕೊಂಡಿರುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಎರಡೂ ಕಥೆಗಳು ನಿಂತಿವೆ.

ಇದೆಲ್ಲ ಕಟ್ಟುಕಥೆಯೇ ಎಂದು ಕೇಳುವವರಿಗೆ ಆನ್ಸೆಲ್ ಬೌರ್ನ್ ಎಂಬಾತನ ಪ್ರಕರಣವನ್ನು ಹೇಳಬೇಕು. ಅಮೆರಿಕದ ರೋಡ್ ಐಲೆಂಡಿನ ಈ ಧರ್ಮಬೋಧಕ 1887ರ ಜನವರಿಯಲ್ಲಿ ಬ್ಯಾಂಕಿನಿಂದ ಹಣ ತೆಗೆದುಕೊಂಡು ಕಾಣೆಯಾದ. ಪೆನ್ಸಿಲ್ವೇನಿಯದ ನಾರಿಸ್‌ಟೌನ್‌ನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು, ಯಾರಿಗೂ ಸಂಶಯ ಬಾರದಂತೆ ವ್ಯಾಪಾರ ಮಾಡುತ್ತಿದ್ದವನು ಮಾರ್ಚ್ ತಿಂಗಳ ಒಂದು ಬೆಳಗ್ಗೆ ಎಚ್ಚೆತ್ತು, ತಾನೆಲ್ಲಿದ್ದೇನೆಂದು ಗಾಬರಿಯಿಂದ ಕೇಳಿದ. ಹಳೆಯ ಹೆಸರು ಮರಳಿತು, ಅಂಗಡಿಯ ದಿನಗಳು ಪೂರ್ತಿ ಅಳಿಸಿಹೋದವು. 1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಸಂಮೋಹನದಿಂದ ಬ್ರೌನನ ನೆನಪುಗಳನ್ನು ಹೊರತೆಗೆದರೂ ಇಬ್ಬರನ್ನು ಒಬ್ಬನನ್ನಾಗಿ ಬೆಸೆಯಲು ಆಗಲಿಲ್ಲ. ಹಳೆಯ ಬದುಕು ಮರಳಿದಾಗ ನಡುವಿನ ಬದುಕು ಮಾಯವಾಗುವ ಈ ವಿಚಿತ್ರವನ್ನೇ ಹಿಲ್ಟನ್ ಬಳಸಿಕೊಂಡಿದ್ದಾನೆ. ಕೊನೆಯಲ್ಲಿ ಎಲ್ಲವೂ ಒಟ್ಟಿಗೆ ಕೂಡಿಬರುವ ಸೌಭಾಗ್ಯ ಮಾತ್ರ ಕಾದಂಬರಿಕಾರ ದಯಪಾಲಿಸಿದ್ದು. ಬೌರ್ನ್‌ಗೆ ಅದು ದಕ್ಕಲಿಲ್ಲ.

ಇನ್ನು ಎರಡನೆಯ ಓದಿನ ವಿಷಯ. ಮೊದಲ ಸಲ ಶ್ರೀಮತಿ ರೇನಿಯರ್ ನನಗೆ ತಣ್ಣನೆಯ, ತುಸು ಆಡಂಬರದ ಹೆಣ್ಣಾಗಿ ಕಂಡಿದ್ದಳು; ಹ್ಯಾರಿಸನ್ನನ ಕಣ್ಣಿನಿಂದ ನೋಡಿದರೆ ಹಾಗೆಯೇ ಕಾಣಬೇಕು. ಗುಟ್ಟು ತಿಳಿದು ಓದುವಾಗ ಅವಳ ಪ್ರತಿ ಮಾತಿಗೂ ಎರಡೆರಡು ಅರ್ಥ ಹುಟ್ಟುತ್ತದೆ. ಗಂಡ ಇನ್ನಾರನ್ನೋ ಹುಡುಕುತ್ತಿದ್ದಾನೆ. ಆ ಇನ್ನಾರೋ ತಾನೇ ಎಂದು ಗೊತ್ತಿದ್ದೂ ಅವಳು ಅತಿಥಿಗಳನ್ನು ಊಟಕ್ಕೆ ಎಬ್ಬಿಸಬೇಕು, ಅವನ ಭಾಷಣದ ದಿನಾಂಕವನ್ನು ಜ್ಞಾಪಿಸಬೇಕು. ಹೇಳಿಬಿಡಬಾರದೇ ಎಂದು ಓದುಗರಿಗೆ ಅನ್ನಿಸದಿರದು. ಹೇಳಿದರೆ ಅವನು ನಂಬಬಹುದು, ಕರ್ತವ್ಯವೆಂದು ಆದರಿಸಲೂಬಹುದು, ಆದರೆ ಅದು ನೆನಪಾಗುವುದಿಲ್ಲ, ಕೇಳಿ ತಿಳಿದ ಸಂಗತಿಯಾಗುತ್ತದೆ. ಆ ಮೌನ ತ್ಯಾಗವಷ್ಟೇ ಅಲ್ಲ, ಅದರಲ್ಲಿ ಹಟವೂ ಇದೆ. ತನ್ನನ್ನು ಅವನು ತಾನಾಗಿಯೇ ಗುರುತಿಸಬೇಕೆಂಬ ಹಟ. ಎರಡನೆಯ ಅವಕಾಶ ಎಂಬುದನ್ನು ಸಾಮಾನ್ಯವಾಗಿ ಮರೆತವನಿಗೆ ಸಿಕ್ಕ ವರವೆಂದು ಬಗೆಯುತ್ತೇವೆ. ಇಲ್ಲಿ ಅದನ್ನು ವರ್ಷಗಟ್ಟಲೆ ಕೈಯಾರೆ ಕಟ್ಟಿದವಳು ಅವಳು. ಬೆರಗಿನ ಆಸೆಗೆ ಬಿದ್ದ ಹಿಲ್ಟನ್ ಆ ವರ್ಷಗಳನ್ನೇ ನಮ್ಮಿಂದ ಮರೆಮಾಡಿದ, ಇದು ಕಾದಂಬರಿಯ ಮೇಲೆ ನನಗಿರುವ ದೂರು.

ಬಂಗಾಳಿಯಲ್ಲಿ ಇದರ ಎಳೆ ಹಿಡಿದು 1957ರಲ್ಲಿ ಅಜಯ್ ಕರ್ ನಿರ್ದೇಶಿಸಿದ ‘ಹಾರಾನೊ ಸುರ್’ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಅದರಲ್ಲಿ ಸುಚಿತ್ರಾ ಸೇನ್ ವೈದ್ಯೆ. ತನ್ನನ್ನು ಮರೆತ ಗಂಡನ ಮನೆಗೇ ಮಗುವಿಗೆ ಪಾಠ ಹೇಳುವವಳಾಗಿ ಸೇರುತ್ತಾಳೆ, ಕಥೆಯ ಕಣ್ಣು ಅವಳನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಕಾದಂಬರಿಯನ್ನು ಮೊದಲು ಓದಿ ಆಮೇಲೆ ಈ ಎರಡು ಸಿನಿಮಾಗಳನ್ನು ನೋಡುವುದು ಒಳ್ಳೆಯ ಕ್ರಮ. ತಿರುವುಮುರುವಾದರೆ ಹಿಲ್ಟನ್ನನ ಕೊನೆಯ ಪುಟ ಉಳಿಯುವುದಿಲ್ಲ.